ಕ್ರೇನ್ ಕೆಳಗಿನ ಟೇಬಲ್

ತಂಗಿಗೆ ಕೆಲಸ ಸಿಕ್ಕ ಖುಷಿಗೆ ಮನೆಯವರನ್ನೆಲ್ಲ ಊಟಕ್ಕೆ ಕರೆದುಕೊಂಡು ಹೋಗಿದ್ದೆ. ಜಾಗ ಆರಿಸಿದ್ದು ಅವಳೇ. ಯಶವಂತಪುರದಿಂದ ಸ್ವಲ್ಪ ಆಚೆ, ಹಳೇ ಕಾರ್ಖಾನೆಯ ಶೆಡ್ ಒಂದನ್ನು ಬ್ರೂವರಿ ಮಾಡಿದ್ದಾರೆ. ಅಲ್ಲೇ ಬಿಯರ್ ತಯಾರಾಗುತ್ತೆ, ಅಲ್ಲೇ ಬಾರು, ಅಲ್ಲೇ ಊಟ. ಹೆಸರು ಬೇಡ. ಇಂಥವು ಈಗ ಊರಲ್ಲಿ ಬೇಕಾದಷ್ಟಿವೆ.

ಒಳಗೆ ಹೋದರೆ ಕಣ್ಣಿಗೆ ಹಬ್ಬ. ಇಟ್ಟಿಗೆ ಗೋಡೆಗೆ ಗಾರೆ ಹಾಕದೆ ಹಾಗೇ ಬಿಟ್ಟಿದ್ದಾರೆ. ಮೇಲೆ ಕಬ್ಬಿಣದ ಟ್ರಸ್. ಒಂದು ಬದಿಯಲ್ಲಿ ಗಾಜಿನ ಹಿಂದೆ ಸ್ಟೀಲ್ ಟ್ಯಾಂಕುಗಳು ಸಾಲಾಗಿ ನಿಂತಿವೆ. ನಮ್ಮ ತಲೆ ಮೇಲೆ ಹಳದಿ ಬಣ್ಣದ ಓವರ್‌ಹೆಡ್ ಕ್ರೇನ್, ಅದರ ಮೈಮೇಲೆ '5 ಟನ್' ಅಂತ ಬರೆದದ್ದು ಇನ್ನೂ ಅಳಿಸಿಲ್ಲ. ಅದರ ಕೊಕ್ಕೆಗೆ ದೊಡ್ಡ ದೀಪದ ಗೊಂಚಲು ನೇತು ಹಾಕಿದ್ದಾರೆ. ಅದರ ಕೆಳಗೇ ನಮ್ಮ ಟೇಬಲ್.

ನಮ್ಮಪ್ಪ ಕೂರಲಿಲ್ಲ. ನಿಂತೇ ಇದ್ದರು. ಪೀಣ್ಯದಲ್ಲಿ 28 ವರ್ಷ ಫಿಟರ್ ಆಗಿದ್ದವರು ಅವರು. ಮೇಲೆ ನೋಡಿದರು, ನನ್ನ ಮುಖ ನೋಡಿದರು. "ಲೋ, ಕೊಕ್ಕೆ ಕೆಳಗೆ ಯಾರೂ ನಿಲ್ಲಬಾರದು ಕಣೋ" ಅಂದರು.

ಎಲ್ಲರೂ ನಕ್ಕೆವು. ಪಕ್ಕದ ಟೇಬಲ್‌ನವರೂ ನಕ್ಕರು. ಆದರೆ ನನಗೆ ಆ ಮಾತು ಬಿಡಲಿಲ್ಲ. ಕಾರ್ಖಾನೆಯಲ್ಲಿ ಮೊದಲ ದಿನ ಕಲಿಸುವ ಪಾಠ ಅದು. ಆ ಪಾಠ ಕಲಿತವರು ಹೊರಗೆ ಹೋದರು, ಕಲಿಯದ ನಾವು ಅದೇ ಜಾಗದಲ್ಲಿ ಕೂತು ಫೋಟೋ ತೆಗೆಸಿಕೊಳ್ತಾ ಇದ್ದೇವೆ. ಈ ನಡುವೆ ಏನಾಯಿತು? ಅದು ಉತ್ತರ ಬೆಂಗಳೂರಿನ ಕಥೆ.

ನಮ್ಮ ಮೆಟ್ರೋದ ಹಸಿರು ಲೈನ್‌ನಲ್ಲಿ ಕೂತು ನೋಡಿ ವೀಕ್ಷಕರೇ, ಅರ್ಧ ಕಥೆ ನಿಲ್ದಾಣಗಳ ಹೆಸರಲ್ಲೇ ಇದೆ. 2014ರ ಮಾರ್ಚ್ 1ರಂದು ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿವರೆಗೆ ರೈಲು ಶುರುವಾಯಿತು. ಹತ್ತುವ ನಿಲ್ದಾಣದ ಹೆಸರು ಮಂತ್ರಿ ಸ್ಕ್ವೇರ್. ಅದು ಮಾಲ್ ಹೆಸರು. ಆ ಮಾಲ್ ನಿಂತಿರುವುದು ರಾಜಾ ಮಿಲ್ ಇದ್ದ ಜಾಗದಲ್ಲಿ. 1880ರ ದಶಕದಲ್ಲಿ ಹುಟ್ಟಿದ ನೂಲಿನ ಗಿರಣಿ ಅದು. ಅಲ್ಲಿಂದ ಐದನೇ ನಿಲ್ದಾಣ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಅದು ಕಾರ್ಖಾನೆಯ ಹೆಸರು, ಕಾರ್ಖಾನೆ ಇನ್ನೂ ಬದುಕಿದೆ. ಸತ್ತ ಕಾರ್ಖಾನೆಯ ಹೆಸರು ಹೋಯಿತು, ಬದುಕಿದ ಕಾರ್ಖಾನೆಯ ಹೆಸರು ಉಳಿಯಿತು. ಮುಂದಕ್ಕೆ ಯಶವಂತಪುರ, ಗೊರಗುಂಟೆಪಾಳ್ಯ, ಪೀಣ್ಯ, ಜಾಲಹಳ್ಳಿ. ಇಡೀ ಸಾಲು ಒಂದು ಕಾಲದಲ್ಲಿ ಸೈರನ್ ಕೂಗಿದಾಗ ಏಳುತ್ತಿದ್ದ, ಸೈರನ್ ಕೂಗಿದಾಗ ಉಣ್ಣುತ್ತಿದ್ದ ಊರು.

ಈ ಊರಿಗೆ ಕಾರ್ಖಾನೆ ಬಂದದ್ದು ಹೇಗೆ? ಕರೆಂಟ್‌ನಿಂದ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ಮೂರು ವರ್ಷಕ್ಕೆ, 1905ರಲ್ಲಿ, ಬೆಂಗಳೂರಿನ ಬೀದಿಗೆ ದೀಪ ಬಂತು. ದೀಪ ಬಂದ ಮೇಲೆ ಬಲ್ಬ್ ಬೇಕಲ್ಲ? ಅದನ್ನೂ ನಾವೇ ಮಾಡೋಣ ಅಂತ ಮೈಸೂರು ಸಂಸ್ಥಾನ ಯೋಚಿಸಿತು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ, 1936ರಲ್ಲಿ ಹಳೇ ತುಮಕೂರು ರಸ್ತೆಯಲ್ಲಿ, ಮಲ್ಲೇಶ್ವರಕ್ಕೂ ಯಶವಂತಪುರಕ್ಕೂ ನಡುವೆ, ಮೈಸೂರು ಲ್ಯಾಂಪ್ಸ್. ಸುಮಾರು 21 ಎಕರೆ ಜಾಗ. ನಮ್ಮ ಅಜ್ಜಿ ಮನೆಯಲ್ಲಿ ಬಲ್ಬ್ ಅಂದರೆ ಅದೇ. ಬೇರೆ ಯಾವುದೋ ಕಂಪನಿಯದ್ದು ತಂದರೂ ಅಜ್ಜಿ ಅದನ್ನು 'ಮೈಸೂರು ಲ್ಯಾಂಪು' ಅಂತಲೇ ಕರೀತಿದ್ದರು.

ಸ್ವಾತಂತ್ರ್ಯ ಬಂದ ಹೊತ್ತಿಗೆ ಈ ದಿಕ್ಕಿನಲ್ಲಿ ಕಾರ್ಖಾನೆಗಳ ಸಾಲೇ ಎದ್ದಿತು. 1946ರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್. 1953ರಲ್ಲಿ ಎಚ್‌ಎಂಟಿ. 1954ರಲ್ಲಿ ಬಿಇಎಲ್. 1961ರಲ್ಲಿ ಎಚ್‌ಎಂಟಿಯ ಗಡಿಯಾರ ಕಾರ್ಖಾನೆ, ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ. ಆಮೇಲೆ ಪೀಣ್ಯ ಬಂತು, ಇವರಿಗೆಲ್ಲ ಬೋಲ್ಟು, ನಟ್ಟು, ಗೇರು, ಡೈ ಮಾಡಿಕೊಡುವ ಸಾವಿರಾರು ಸಣ್ಣ ಶೆಡ್‌ಗಳು ಬಂದವು. ನಮ್ಮಪ್ಪ ಅಂಥದ್ದೇ ಒಂದು ಶೆಡ್‌ನವರು.

ಆ ಕಾರ್ಮಿಕರ ಬಲ ಎಷ್ಟಿತ್ತು ಅಂತ ಈಗಿನವರಿಗೆ ಹೇಳಿದರೆ ನಂಬಲ್ಲ. 1980ರ ಡಿಸೆಂಬರ್ ಕೊನೆಗೆ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು ಮುಷ್ಕರ ಹೂಡಿದರು. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್ ಎಲ್ಲ ಸೇರಿ ಒಂದು ಲಕ್ಷಕ್ಕೂ ಹೆಚ್ಚು ಜನ. 77 ದಿನ ನಡೆಯಿತು ಅದು. ಇವತ್ತು ಹೆಬ್ಬಾಳದ ಫ್ಲೈಓವರ್‌ನಲ್ಲಿ 77 ನಿಮಿಷ ಟ್ರಾಫಿಕ್ ನಿಂತರೆ ನಾವು ಬ್ರೇಕಿಂಗ್ ನ್ಯೂಸ್ ಮಾಡ್ತೀವಿ.

ಆಮೇಲೆ ಒಂದೊಂದೇ ಬಾಗಿಲು ಮುಚ್ಚಿತು. ಮೈಸೂರು ಲ್ಯಾಂಪ್ಸ್ 2003ರಲ್ಲಿ. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರ ಜನವರಿಯಲ್ಲಿ. ಕಿರ್ಲೋಸ್ಕರ್ ಇದ್ದ ಸುಮಾರು 40 ಎಕರೆಯಲ್ಲಿ ಬ್ರಿಗೇಡ್ ಗೇಟ್‌ವೇ ಎದ್ದಿತು. ಅಪಾರ್ಟ್‌ಮೆಂಟು, ಆಸ್ಪತ್ರೆ, ಶಾಲೆ, 2012ರಲ್ಲಿ ಓರಿಯನ್ ಮಾಲ್. ಪಕ್ಕದಲ್ಲಿ ವರ್ಲ್ಡ್ ಟ್ರೇಡ್ ಸೆಂಟರ್ ಗೋಪುರ. ಅದರ 31ನೇ ಮಹಡಿಗೆ ಬಾರ್ ಬಂತು. ಮೋಟಾರು ಸುತ್ತುತ್ತಿದ್ದ ನೆಲದ ಮೇಲೆ, ಆಕಾಶದಲ್ಲಿ, ಕಾಕ್‌ಟೇಲ್.

ಇದರ ಉಲ್ಟಾ ಕಥೆಯೂ ನಮ್ಮೂರಲ್ಲೇ ಇದೆ. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್‌ಲೆಂಡಿನವ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಂದು ಮಾಡಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ದಂಡಿನ ಬ್ರಿಟಿಷ್ ಸಿಪಾಯಿಗಳಿಗೆ ದೊಡ್ಡ ಮರದ ಪೀಪಾಯಿಗಳಲ್ಲಿ, ಎತ್ತಿನ ಗಾಡಿ ಮೇಲೆ ಬಿಯರ್ ಹೋಗುತ್ತಿತ್ತು. 1947ರಲ್ಲಿ ವಿಠ್ಠಲ ಮಲ್ಯ ಆ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದರು. ಮುಂದೆ ಗ್ರ್ಯಾಂಟ್ ರಸ್ತೆಗೆ ಅವರದ್ದೇ ಹೆಸರು ಬಂತು. ಆ ರಸ್ತೆಯಲ್ಲಿದ್ದ ಬ್ರೂವರಿ ಜಾಗದಲ್ಲಿ 2008ರಲ್ಲಿ ಯುಬಿ ಸಿಟಿ ತೆರೆಯಿತು. ಅಂದರೆ ಬಿಯರ್ ಫ್ಯಾಕ್ಟರಿ ಹೋಗಿ ಬ್ಯಾಗು-ಬೂಟಿನ ಮಾಲ್ ಬಂತು. ಮೂರೇ ವರ್ಷ. 2011ರ ಸುಮಾರಿಗೆ ಅದೇ ರಸ್ತೆಯಲ್ಲಿ ಊರಿನ ಮೊದಮೊದಲ ಮೈಕ್ರೋಬ್ರೂವರಿಗಳಲ್ಲೊಂದು ಶುರುವಾಯಿತು. ಬಿಯರ್ ಮಾಡುವ ಕಟ್ಟಡ ಕೆಡವಿ, ಪಕ್ಕದಲ್ಲೇ ಬಿಯರ್ ಮಾಡುವ ಹೊಸ ಕಟ್ಟಡ ಹುಡುಕಿಕೊಂಡೆವು! ಬೆಂಗಳೂರಿಗೆ ಮಾತ್ರ ಸಾಧ್ಯ ಇದು.

ಇಲ್ಲೊಂದು ಸಣ್ಣ ಮಾತು, ಸ್ವಲ್ಪ ಕಹಿ. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಸರಿಯಾದ ನಿರ್ಧಾರವೇ. ಎಷ್ಟೋ ಮನೆ ಹೆಂಗಸರು ಅದಕ್ಕಾಗಿ ಬೀದಿಗಿಳಿದಿದ್ದರು. ಆದರೆ ಲೆಕ್ಕ ನೋಡಿ. ಶಿಫ್ಟ್ ಮುಗಿಸಿ ಬಂದವನ ಪಾಕೆಟ್ ಸಾರಾಯಿ ಹೋದ ಮೂರ್ನಾಲ್ಕು ವರ್ಷಕ್ಕೆ, ಶಿಫ್ಟ್ ಇದ್ದ ಶೆಡ್‌ಗಳತ್ತ ಕ್ರಾಫ್ಟ್ ಬಿಯರ್ ಹೊರಟಿತು. ಒಂದು ಗ್ಲಾಸಿನ ಬೆಲೆಯಲ್ಲಿ ನಮ್ಮಪ್ಪನ ಕಾಲದಲ್ಲಿ ತಿಂಗಳ ರೇಷನ್ ಬರುತ್ತಿತ್ತು. ಇದನ್ನು ಹೇಳಿದರೆ ನನ್ನ ಗೆಳೆಯರು ಬೇಜಾರಾಗ್ತಾರೆ. ಬೇಜಾರಾಗಲಿ ಬಿಡಿ, ನಾನೂ ಅವರ ಜೊತೆ ಕೂತು ಕುಡಿದವನೇ.

ಹಾಗಾದರೆ ಶೆಡ್‌ನಲ್ಲಿ ಬ್ರೂವರಿ ಮಾಡಬಾರದಾ? ನನ್ನ ಉತ್ತರ ಕೇಳಿ ಕೆಲವರಿಗೆ ಆಶ್ಚರ್ಯ ಆಗಬಹುದು. ಮಾಡಬೇಕು. ಕೆಡವಿ ಗಾಜಿನ ಡಬ್ಬ ಕಟ್ಟುವುದಕ್ಕಿಂತ ಸಾವಿರ ಪಾಲು ವಾಸಿ. ಲಂಡನ್‌ನಲ್ಲಿ ಥೇಮ್ಸ್ ದಡದ ಮುಚ್ಚಿದ ಪವರ್ ಸ್ಟೇಷನ್ ಒಂದು 2000ದಲ್ಲಿ ಟೇಟ್ ಮಾಡರ್ನ್ ಕಲಾ ಮ್ಯೂಸಿಯಂ ಆಯಿತು. ಟರ್ಬೈನ್ ಇದ್ದ ಹಾಲ್‌ಗೆ ಇವತ್ತಿಗೂ ಟರ್ಬೈನ್ ಹಾಲ್ ಅಂತಲೇ ಹೆಸರು. ಹಳೇ ಕಟ್ಟಡಕ್ಕೆ ಹೊಸ ಕೆಲಸ ಕೊಡುವುದು ತಪ್ಪಲ್ಲ.

ಅದಕ್ಕಿಂತ ಹೆಚ್ಚಾಗಿ, ಬ್ರೂವರಿಗೂ ಶೆಡ್‌ಗೂ ಜಾತಕ ಕೂಡುತ್ತೆ. ನಾನು ಎಂಜಿನಿಯರಿಂಗ್ ಓದಿದವನು. ಓದಿದ್ದು ಟಿವಿಯಲ್ಲಿ ಉಪಯೋಗಕ್ಕೆ ಬರಲ್ಲ ಅಂತ ಅಮ್ಮ ಇವತ್ತಿಗೂ ಬೈತಾರೆ, ಇವತ್ತು ಉಪಯೋಗಿಸಿಕೊಳ್ತೀನಿ. ಸಾವಿರ ಲೀಟರ್ ಬಿಯರ್ ಅಂದರೆ ಸಾವಿರ ಕಿಲೋಗಿಂತ ಮೇಲೆ ಭಾರ, ಟ್ಯಾಂಕಿನ ತೂಕ ಬೇರೆ. ಅಷ್ಟೂ ಭಾರ ನಾಲ್ಕು ಸಣ್ಣ ಕಾಲಿನ ಮೇಲೆ ಕೂರುತ್ತೆ. ಊಟದ ಹಾಲ್‌ನ ನೆಲವನ್ನು ಚದರ ಮೀಟರಿಗೆ ಸುಮಾರು 400 ಕಿಲೋ ತಡೆಯುವ ಹಾಗೆ ಲೆಕ್ಕ ಹಾಕಿದರೆ, ಭಾರೀ ಯಂತ್ರಗಳ ಕಾರ್ಖಾನೆಯ ನೆಲಕ್ಕೆ ಲೆಕ್ಕ 1000 ಕಿಲೋ. ಟ್ಯಾಂಕು ಎತ್ತರ, ಶೆಡ್ ಇನ್ನೂ ಎತ್ತರ. ತೊಳೆದ ನೀರು ಹರಿಯಲು ಚರಂಡಿ, ತ್ರೀ ಫೇಸ್ ಕರೆಂಟು, ಲಾರಿ ನುಗ್ಗುವಷ್ಟು ದೊಡ್ಡ ಬಾಗಿಲು, ಎಲ್ಲ ಮೊದಲೇ ಇದೆ. ಗರಗಸದ ಹಲ್ಲಿನ ಹಾಗೆ ಕಾಣುವ ಆ ಸೂರಿಗೂ ಅರ್ಥ ಇದೆ. ಗಾಜು ಉತ್ತರ ದಿಕ್ಕಿಗಿರುತ್ತೆ. ನೇರ ಬಿಸಿಲು ಬೀಳಲ್ಲ, ಬೆಳಕು ಮಾತ್ರ ಬರುತ್ತೆ. ನೂಲಿನ ಎಳೆ ಕಾಣಲಿ ಅಂತ ಮಾಡಿದ್ದು ಈಗ ಇನ್‌ಸ್ಟಾಗ್ರಾಂಗೆ ಉಪಯೋಗ ಆಗ್ತಿದೆ.

ಕೂಡದ ಗುಣಗಳೂ ಇವೆ. ನನ್ನ ತಕರಾರು ಇರುವುದೇ ಇಲ್ಲಿ.

600 ಚದರ ಮೀಟರಿನ ಶೆಡ್ ಇದೆ ಅಂತ ಇಟ್ಟುಕೊಳ್ಳಿ. ಕಾರ್ಖಾನೆಯಾಗಿದ್ದಾಗ ನಿಯಮದ ಲೆಕ್ಕ ಒಬ್ಬರಿಗೆ ಹತ್ತು ಚದರ ಮೀಟರ್. ಅಂದರೆ 60 ಜನ. ಎಲ್ಲರಿಗೂ ಬಾಗಿಲು ಎಲ್ಲಿದೆ ಗೊತ್ತು, ಮೇನ್ ಸ್ವಿಚ್ ಎಲ್ಲಿದೆ ಗೊತ್ತು, ಯಾರೂ ಕುಡಿದಿಲ್ಲ. ಅದೇ ಶೆಡ್ ಬಾರ್ ಆದಾಗ ಒಬ್ಬರಿಗೆ ಎರಡು ಚದರ ಮೀಟರ್ ಸಿಕ್ಕರೂ 300 ಜನ. ಕತ್ತಲು, ಜೋರು ಹಾಡು, ಅಮಲು, ಮೊದಲ ಸಲ ಬಂದವರೇ ಜಾಸ್ತಿ. ಗೋಡೆ ಅವೇ ನಾಲ್ಕು. ಬಾಗಿಲು? ಎಷ್ಟೋ ಕಡೆ ಅದೇ ಒಂದು. ಹೆಸರು ಬದಲಾದರೆ ಸಾಲದು, ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಕಾರ್ಖಾನೆಯೇ ಒಂದು ಗುಂಪು, ಜನ ಸೇರುವ ಜಾಗವೇ ಇನ್ನೊಂದು ಗುಂಪು. ಒಂದರ ನಕ್ಷೆ ಇಟ್ಟುಕೊಂಡು ಇನ್ನೊಂದನ್ನು ನಡೆಸೋದು ಲಾರಿ ಲೈಸೆನ್ಸ್‌ನಲ್ಲಿ ವಿಮಾನ ಓಡಿಸಿದ ಹಾಗೆ.

ಮುಂಬೈ ಇದರ ಬೆಲೆ ಕಟ್ಟಿದೆ. ಅಲ್ಲಿನ ಹತ್ತಿ ಗಿರಣಿಗಳಲ್ಲಿ 1982ರ ಜನವರಿಯಲ್ಲಿ ದತ್ತಾ ಸಾಮಂತ್ ನೇತೃತ್ವದ ದೊಡ್ಡ ಮುಷ್ಕರ ಶುರುವಾಯಿತು, ಎರಡು ಲಕ್ಷಕ್ಕೂ ಹೆಚ್ಚು ಕಾರ್ಮಿಕರು. ಗಿರಣಿಗಳು ಮತ್ತೆ ಮೊದಲಿನ ಹಾಗೆ ಏಳಲೇ ಇಲ್ಲ. 1991ರಲ್ಲಿ ಒಂದು ನಿಯಮ ಬಂತು: ಗಿರಣಿ ಜಮೀನಿನಲ್ಲಿ ಸುಮಾರು ಮೂರನೇ ಒಂದು ಪಾಲು ಊರಿನ ಬಯಲಿಗೆ, ಮೂರನೇ ಒಂದು ಬಡವರ ಮನೆಗೆ, ಮೂರನೇ ಒಂದು ಮಾಲೀಕರಿಗೆ. ಎಂಥ ಸುಂದರ ಲೆಕ್ಕ! 2001ರಲ್ಲಿ ತಿದ್ದುಪಡಿ ಮಾಡಿ, ಈ ಹಂಚಿಕೆ ಕಟ್ಟಡ ಇಲ್ಲದ ಖಾಲಿ ಜಾಗಕ್ಕೆ ಮಾತ್ರ ಅಂದರು. ಗಿರಣಿ ಅಂದರೆ ಕಟ್ಟಡವೇ ತುಂಬಿರುತ್ತೆ, ಖಾಲಿ ಜಾಗ ಎಲ್ಲಿಂದ ಬರಬೇಕು? 2006ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಗಿರಣಿ ಕಾಂಪೌಂಡುಗಳು ಆಫೀಸು, ಪಬ್ಬು, ಬ್ರೂವರಿಗಳಾದವು.

2017ರ ಡಿಸೆಂಬರ್ 29, ನಡುರಾತ್ರಿ ದಾಟಿದ ಸ್ವಲ್ಪ ಹೊತ್ತಿಗೆ, ಕಮಲಾ ಮಿಲ್ಸ್ ಕಾಂಪೌಂಡಿನ ಮಹಡಿ ಮೇಲಿನ ರೆಸ್ಟೋರೆಂಟ್‌ಗಳಿಗೆ ಬೆಂಕಿ ಬಿತ್ತು. 14 ಜನ ಸತ್ತರು. ಹುಟ್ಟುಹಬ್ಬ ಆಚರಿಸಲು ಬಂದ ಹುಡುಗಿಯೂ ಅವರಲ್ಲಿ ಒಬ್ಬಳು. ದಾರಿ ಕಾಣದೆ ಎಷ್ಟೋ ಜನ ಶೌಚಾಲಯಕ್ಕೆ ಓಡಿದ್ದರು, ಅಲ್ಲೇ ಹೊಗೆಗೆ ಉಸಿರುಕಟ್ಟಿತು. ಆ ರಾತ್ರಿ ನಾನು ಡೆಸ್ಕ್‌ನಲ್ಲಿದ್ದೆ. ದೃಶ್ಯಗಳು ಬರ್ತಾ ಇದ್ದವು. "ನಮ್ಮೂರಲ್ಲಿ ಆಗಿಲ್ಲವಲ್ಲ" ಅಂತ ಯಾರೋ ಅಂದರು. ಹತ್ತೇ ದಿನ. 2018ರ ಜನವರಿ 8ರ ಮುಂಜಾವ ಕಲಾಸಿಪಾಳ್ಯದ ಕುಂಬಾರ ಸಂಘದ ಕಟ್ಟಡದಲ್ಲಿದ್ದ ಬಾರ್‌ಗೆ ಬೆಂಕಿ ಬಿದ್ದು, ಒಳಗೆ ಮಲಗಿದ್ದ ಐದು ಜನ ಕೆಲಸಗಾರರು ಸತ್ತರು. ಗಮನಿಸಿ, ಮುಂಬೈಯಲ್ಲಿ ಸತ್ತವರಲ್ಲಿ ಗಿರಾಕಿಗಳೇ ಹೆಚ್ಚು, ಅದು ವಾರಗಟ್ಟಲೆ ಸುದ್ದಿ. ಇಲ್ಲಿ ಸತ್ತವರು ನೆಲದ ಮೇಲೆ ಮಲಗಿದ್ದ ಹುಡುಗರು. ನಾವು ಎಷ್ಟು ದಿನ ತೋರಿಸಿದೆವು? ನನ್ನ ಚಾನೆಲ್ಲನ್ನೂ ಸೇರಿಸಿಯೇ ಕೇಳ್ತಿದ್ದೀನಿ.

ಬೆಂಕಿ ಕಣ್ಣಿಗೆ ಕಾಣುತ್ತೆ. ಬ್ರೂವರಿಯಲ್ಲಿ ಕಾಣದ ಅಪಾಯವೂ ಒಂದಿದೆ. ಬಾರ್ಲಿಯ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುವಾಗ, ಹೆಚ್ಚುಕಡಿಮೆ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್ ಹೊರಬರುತ್ತೆ. ಶೇಕಡ 5ರ ಬಿಯರ್ ಸಾವಿರ ಲೀಟರ್ ಮಾಡಿದರೆ ಸುಮಾರು 38 ಕಿಲೋ ಗ್ಯಾಸ್, ಅಂದರೆ 20 ಘನ ಮೀಟರ್. ಒಂದು ಸಣ್ಣ ರೂಮು ತುಂಬುವಷ್ಟು. ಇದು ಗಾಳಿಗಿಂತ ಭಾರ. ಮೇಲೆ ಹೋಗಲ್ಲ, ತಗ್ಗಿನಲ್ಲಿ ಕೂರುತ್ತೆ. ಹಳೇ ಕಾರ್ಖಾನೆಯಲ್ಲಿ ಯಂತ್ರ ಕೂರಿಸಲು ತೋಡಿದ ಗುಂಡಿಗಳಿರ್ತವೆ, ನೆಲಮಾಳಿಗೆ ಇರ್ತದೆ. ರಾತ್ರಿ ತೊಳೆಯಲು ಇಳಿಯುವವನು ಗುತ್ತಿಗೆ ಹುಡುಗ. ಕೆಳಗೆ ಗಾಳಿ ಎಳೆಯುವ ಫ್ಯಾನು, ಎಚ್ಚರಿಸುವ ಮೀಟರು ಇಲ್ಲದಿದ್ದರೆ ಅವನಿಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತೆ. ಸೂರಿನ ಶೀಟು ಹಳೇ ಆಸ್ಬೆಸ್ಟಾಸ್ ಆಗಿದ್ದರೆ ಅದನ್ನು ಕೊರೆದು ಸ್ಪೀಕರ್ ನೇತು ಹಾಕುವುದೂ ಅಪಾಯವೇ. ಅದರ ನಾರು ಶ್ವಾಸಕೋಶಕ್ಕೆ ಹೋದರೆ ಕಾಯಿಲೆ ಕಾಣಿಸಿಕೊಳ್ಳಲು ದಶಕಗಳೇ ಬೇಕು.

ನೀರಿನ ಮಾತು ಎತ್ತದೆ ಬಿಟ್ಟರೆ ನೀವೇ ನನಗೆ ಫೋನ್ ಮಾಡ್ತೀರಿ. ದೊಡ್ಡ ಬ್ರೂವರಿಗಳಿಗೇ ಒಂದು ಲೀಟರ್ ಬಿಯರ್‌ಗೆ ಮೂರು-ನಾಲ್ಕು ಲೀಟರ್ ನೀರು ಬೇಕು, ಸಣ್ಣವುಗಳಿಗೆ ಇನ್ನೂ ಹೆಚ್ಚು. 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲ ಪೈಪ್ ನೀರು ಕೊಟ್ಟದ್ದು ಇದೇ ಉತ್ತರ ದಿಕ್ಕಿನ ಹೆಸರಘಟ್ಟ ಕೆರೆ. 2024ರ ಮಾರ್ಚ್‌ನಲ್ಲಿ ಅದೇ ಊರಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಬೇಕಾಯಿತು. ಬ್ರೂವರಿಯವರು ತೊಳೆದ ನೀರನ್ನು ಶುದ್ಧ ಮಾಡಿ ಮತ್ತೆ ಬಳಸಲಿ, ಅಷ್ಟು ದುಡ್ಡು ಆ ಗ್ಲಾಸಿನ ಬೆಲೆಯಲ್ಲಿ ಖಂಡಿತ ಇದೆ.

ಇನ್ನು ಮೈಸೂರು ಲ್ಯಾಂಪ್ಸ್. ಅಲ್ಲಿ ಬಾರ್ ಬರಲಿಲ್ಲ, ಮಾಲ್ ಬರಲಿಲ್ಲ. 2020ರಲ್ಲಿ ಯಡಿಯೂರಪ್ಪನವರ ಸರ್ಕಾರ ಅಲ್ಲಿ ಬೆಂಗಳೂರಿನ ಇತಿಹಾಸ, ಸಂಸ್ಕೃತಿ ತೋರಿಸುವ 'ಎಕ್ಸ್‌ಪೀರಿಯೆನ್ಸ್ ಬೆಂಗಳೂರು' ಮ್ಯೂಸಿಯಂ ಮಾಡ್ತೀವಿ ಅಂತ ಘೋಷಿಸಿತು. ಯೋಜನೆಯ ಹೆಸರೇ ಬೆಂಗಳೂರು ಮಿಷನ್ 2022. 2022 ಬಂತು, ಹೋಯಿತು, ಮ್ಯೂಸಿಯಂ ಬರಲಿಲ್ಲ. ಸರ್ಕಾರವೂ ಬದಲಾಯಿತು. ಖಾಸಗಿಯವರ ಕೈಗೆ ಸಿಕ್ಕ ಶೆಡ್ ಆರು ತಿಂಗಳಲ್ಲಿ ಬ್ರೂವರಿ ಆಗುತ್ತೆ, ಸರ್ಕಾರದ ಕೈಯಲ್ಲಿರುವ ಶೆಡ್ ವರ್ಷಗಟ್ಟಲೆ ಟೆಂಡರ್ ಆಗಿರುತ್ತೆ. ಖಾಸಗಿಯವರಿಗೆ ಅವಸರ ಜಾಸ್ತಿ, ಸರ್ಕಾರಕ್ಕೆ ಅವಸರವೇ ಇಲ್ಲ. ಜಾಲಹಳ್ಳಿಯಲ್ಲಿ ಎಚ್‌ಎಂಟಿ ತನ್ನದೇ ಹಳೇ ಬಂಗಲೆಯಲ್ಲಿ ಗಡಿಯಾರಗಳ ಮ್ಯೂಸಿಯಂ ಮಾಡಿದೆ, ಹೋಗಿ ನೋಡಿ. ದೊಡ್ಡ ಯೋಜನೆಯೇನಲ್ಲ. ಆದರೆ ಯಾವ ಯಂತ್ರದಲ್ಲಿ ಏನು ಮಾಡ್ತಿದ್ದರು ಅಂತ ಅಲ್ಲಿ ತಿಳಿಯುತ್ತೆ.

ನಾವು ಹೋದ ಬ್ರೂವರಿಯಲ್ಲಿ ಅದೂ ಇಲ್ಲ. ಮೆನುವಿನಲ್ಲಿ ಒಂದೊಂದು ಬಿಯರ್‌ಗೂ ನಾಲ್ಕು ಸಾಲು ಕಥೆ ಇದೆ, ಹಾಪ್ಸ್ ಯಾವ ದೇಶದ್ದು, ಬಾರ್ಲಿ ಎಷ್ಟು ಹೊತ್ತು ಹುರಿದದ್ದು ಎಲ್ಲ. ಈ ಶೆಡ್‌ನಲ್ಲಿ ಮೊದಲು ಏನು ಮಾಡುತ್ತಿದ್ದರು ಅಂತ ಒಂದು ಸಾಲೂ ಇಲ್ಲ. ವೇಟರ್ ಹುಡುಗನನ್ನು ಕೇಳಿದೆ. ಅಸ್ಸಾಂ ಕಡೆಯವನು, ಒಳ್ಳೇ ಕನ್ನಡ ಮಾತಾಡ್ತಾನೆ. "ಗೊತ್ತಿಲ್ಲ ಸರ್, ಏನೋ ಗೋಡೌನ್ ಇರಬೇಕು" ಅಂದ. ಅಪ್ಪ ತಕ್ಷಣ, "ಗೋಡೌನ್‌ಗೆ ಐದು ಟನ್ ಕ್ರೇನ್ ಯಾಕಪ್ಪ? ಇದು ಫೌಂಡ್ರಿ ಅಥವಾ ಫ್ಯಾಬ್ರಿಕೇಷನ್" ಅಂದರು. ಕಂಬದ ಮೇಲಿನ ಹಳೇ ಗೀರು, ನೆಲದಲ್ಲಿ ಬೋಲ್ಟು ಕಿತ್ತ ತೂತು ತೋರಿಸಿದರು. ಇಲ್ಲಿ ಪ್ರೆಸ್ ಇತ್ತು, ಅಲ್ಲಿ ಲೇತ್ ಇತ್ತು ಅಂತ. ಹುಡುಗ ಟ್ರೇ ಹಿಡಿದುಕೊಂಡೇ ಕೇಳಿದ. ಪಕ್ಕದ ಟೇಬಲ್‌ನ ಇಬ್ಬರೂ ಎದ್ದು ಬಂದು ನೋಡಿದರು. ಹತ್ತು ನಿಮಿಷ ನಮ್ಮಪ್ಪ ಆ ಬ್ರೂವರಿಯ ಗೈಡ್.

ಆಮೇಲೆ ಅವರು ಲೈಮ್ ಸೋಡಾ ಮುಗಿಸಿ, "ಎರಡನೇ ಬಾಗಿಲು ಎಲ್ಲಿದೆ ಮರಿ?" ಅಂತ ಕೇಳಿದರು. ಹುಡುಗ ಅಡುಗೆಮನೆ ಹಿಂದೆ ಕರೆದುಕೊಂಡು ಹೋದ. ನಾನೂ ಹೋದೆ. ಬಾಗಿಲು ಇತ್ತು. ಅದರ ಮೇಲೆ ಹಸಿರು ದೀಪದ ಬೋರ್ಡೂ ಇತ್ತು. ಮುಂದೆ ಖಾಲಿ ಕ್ರೇಟುಗಳನ್ನು ನನ್ನ ಎದೆಮಟ್ಟ ಪೇರಿಸಿದ್ದರು. ಅಪ್ಪ ಏನೂ ಹೇಳಲಿಲ್ಲ. ತೋಳು ಮಡಚಿ, ಮೊದಲ ಕ್ರೇಟ್ ತಾವೇ ಎತ್ತಿ ಪಕ್ಕಕ್ಕಿಟ್ಟರು. ಹುಡುಗ ಓಡಿ ಬಂದು ಎರಡನೆಯದು ಎತ್ತಿದ. ಮ್ಯಾನೇಜರ್ ಬರುವ ಹೊತ್ತಿಗೆ ನಾವು ಮೂವರೂ ಆ ಬಾಗಿಲು ತೆರೆದು ಹೊರಗೆ ರೈಲು ಹಳಿ ಕಡೆ ನೋಡ್ತಾ ನಿಂತಿದ್ದೆವು.